ಸೆರಗಿನಲ್ಲಿ ಬಂದ ಕಾಗೆ

ಬೈರಸಂದ್ರದ ಮುನಿಯಕ್ಕ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಸುತ್ತಲೂ ಎದ್ದಿದ್ದ ಜಯನಗರ ಮಾಯವಾಗಿಬಿಡುತ್ತಿತ್ತು. ಟಾರು ರಸ್ತೆ, ಕಾಂಪೌಂಡು ಗೋಡೆ, ಗೇಟಿನ ಮೇಲೆ ಬರೆಸಿದ ಮನೆಯ ಹೆಸರು, ಬಸ್‌ಸ್ಟಾಪು, ಎಲ್ಲವೂ ಕರಗಿಹೋಗಿ ಅಡಿಯಲ್ಲಿದ್ದ ರಾಗಿ ಹೊಲ ಮೆಲ್ಲಗೆ ಮೇಲೆದ್ದು ಬರುತ್ತಿತ್ತು. ಬದುವಿನ ಮೇಲೆ ಗೆಳತಿ ಲಕ್ಷ್ಮಮ್ಮ ಮುಂದೆ, ತಾನು ಹಿಂದೆ, ಇಬ್ಬರ ತಲೆಯ ಮೇಲೂ ಹುಲ್ಲಿನ ಹೊರೆ. ಕೆರೆಯ ಕಡೆಯಿಂದ ಬೀಸುವ ಗಾಳಿಗೆ ತೆನೆಗಳೆಲ್ಲ ಒಂದೇ ಕಡೆ ವಾಲುತ್ತಿದ್ದವು. ಹಾಗೆ ನಡೆಯುತ್ತ ನಡೆಯುತ್ತ ಅವರು ಈಗ ಡಾಕ್ಟರ ಮನೆಯಿರುವ ಜಾಗ ದಾಟಿ, ಹಾಲಿನ ಬೂತಿರುವ ಜಾಗ ದಾಟಿ, ಹೋಗುತ್ತಲೇ ಇರುತ್ತಿದ್ದರು. ಅಷ್ಟರಲ್ಲಿ ಯಾವುದೋ ಬಿದಿರು ಮಂಕರಿಯೊಳಗಿಂದ ಹಕ್ಕಿಯೊಂದು ಕೂಗುತ್ತಿತ್ತು, ಮುನಿಯಕ್ಕ ಎದ್ದು ಕೂರುತ್ತಿದ್ದಳು.

ಈ ಮಂಕರಿಗಳ ವಿಷಯ ಮೊದಲು ಹೇಳಬೇಕು. ಮುನಿಯಕ್ಕ ಸೊಪ್ಪು ಮಾರುವ ಹೆಂಗಸು. ಬೆಳಗ್ಗೆ ಬುಟ್ಟಿ ಹೊತ್ತು ಬ್ಲಾಕು ಬ್ಲಾಕು ಸುತ್ತಿ, ಹರಿವೆ ದಂಟು, ಸಬ್ಬಸಿಗೆ ಸೊಪ್ಪು ಎಂದು ಕೂಗಿ ಬಂದರೆ ಆ ದಿನದ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ಹಕ್ಕಿಗಳದು. ಆಗ ಜಯನಗರದ ಶಾಪಿಂಗ್ ಕಾಂಪ್ಲೆಕ್ಸ್ ಎದ್ದು ಅದರ ಬಣ್ಣ ಇನ್ನೂ ಮಾಸಿರಲಿಲ್ಲ. ಎಲ್ಲೆಲ್ಲೂ ಹೊಸ ಕರೆಂಟಿನ ತಂತಿ, ಹೊಸ ಕಿಟಕಿ ಗಾಜು. ಪಾಪ, ಹಕ್ಕಿಗಳಿಗೆ ಇದೆಲ್ಲ ಯಾರು ಹೇಳಿಕೊಡಬೇಕು? ನಿನ್ನೆಯವರೆಗೆ ಬಯಲಾಗಿದ್ದ ಜಾಗದಲ್ಲಿ ಇವತ್ತು ಗಾಜು ನಿಂತಿದ್ದರೆ ಹೋಗಿ ಢಿಕ್ಕಿ ಹೊಡೆಯುತ್ತಿದ್ದವು. ಸೊಪ್ಪು ಕೊಳ್ಳುವ ಅಮ್ಮಂದಿರು ಕೆಂಬೂತವನ್ನೋ ಗಿಳಿಯನ್ನೋ ಚಪ್ಪಲಿಯ ರಟ್ಟಿನ ಡಬ್ಬದಲ್ಲಿಟ್ಟು ಕಾಯುತ್ತಿದ್ದರು. ಹಕ್ಕಿಗೂ ಆಸ್ಪತ್ರೆ ಇರಬಹುದು ಎಂದು ಆಗ ಯಾರಾದರೂ ಅಂದಿದ್ದರೆ ಜನ ನಕ್ಕುಬಿಡುತ್ತಿದ್ದರು. ಮುನಿಯಕ್ಕ ಡಬ್ಬವನ್ನು ಸೊಪ್ಪಿನ ಬುಟ್ಟಿಯಲ್ಲೇ ಇಟ್ಟುಕೊಂಡು ಬಂದು ಹಕ್ಕಿಯನ್ನು ಮಂಕರಿಗೆ ಬಿಡುತ್ತಿದ್ದಳು. ಬಿದಿರಿನ ಸೀಳು, ಹಳೆಯ ಸೀರೆಯ ಚೂರು, ಅರಿಶಿನ, ಹರಳೆಣ್ಣೆ, ಇಷ್ಟೇ ಅವಳ ಸಾಮಾನು. ಬದುಕಿದ್ದು ಹಾರುತ್ತಿತ್ತು, ಸತ್ತದ್ದು ಹೊಂಗೆ ಮರದ ಬುಡ ಸೇರುತ್ತಿತ್ತು. ಸತ್ತವೇ ಹೆಚ್ಚು ಎಂದು ಅವಳೇ ಹೇಳುತ್ತಿದ್ದಳು, ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ಅವಳದೊಂದು ಕಟ್ಟುನಿಟ್ಟು. ಯಾವ ಹಕ್ಕಿಗೂ ಹೆಸರಿಡಬಾರದು. ನೋವಿರುವ ತನಕ ಕೈಯಿಂದ ತಿನ್ನಿಸುವುದು, ಆಮೇಲೆ ಕಾಳುಕಡ್ಡಿ ನೆಲಕ್ಕೆ ಚೆಲ್ಲಿ ಮರೆಗೆ ಸರಿಯುವುದು. ಕೊನೆಗೆ ಒಂದು ದಿನ ಚಪ್ಪಾಳೆ ತಟ್ಟಿ, ಹುಶ್ ಎಂದು ಗದರಿಸಿ ಓಡಿಸುವುದು. ಮನುಷ್ಯರನ್ನು ಕಂಡರೆ ಹೆದರದ ಹಕ್ಕಿ ಈ ಊರಿನಲ್ಲಿ ಬದುಕುವುದಿಲ್ಲ, ಆ ಹೆದರಿಕೆಯನ್ನೂ ತಾನೇ ಕಲಿಸಿ ಕಳಿಸಬೇಕು ಎಂದು ಅವಳ ಲೆಕ್ಕ. ಎಷ್ಟೋ ಹಕ್ಕಿಗಳನ್ನು ಹಾಗೆ ಬೈದು ಕಳಿಸಿದ್ದಾಳೆ, ಆಮೇಲೆ ಒಳಗೆ ಹೋಗಿ ಮೂಗು ಸೀಟಿಕೊಂಡಿದ್ದಾಳೆ.

ಅವಳು ಇದ್ದದ್ದು ತಿಮ್ಮರಾಯಪ್ಪನ ಹಿತ್ತಲಿನ ಹಳೆಯ ದನದ ಕೊಟ್ಟಿಗೆಯಲ್ಲಿ. ಹೊಲ ಹೋಗಿ ಲೇಔಟು ಬಂದ ಮೇಲೆ ತಿಮ್ಮರಾಯಪ್ಪನಿಗೆ ದನಗಳು ಬೇಡವಾದವು. ಬಾಡಿಗೆ ಮನೆಗಳು ಎದ್ದವು, ಬಿಳಿ ಪ್ಯಾಂಟು ಬಂತು, ಒಂದು ಸ್ಕೂಟರೂ ಬಂತು. ಕೊಟ್ಟಿಗೆ ಖಾಲಿ ಬಿದ್ದಾಗ ಅವನ ತಾಯಿ ಲಕ್ಷ್ಮಮ್ಮ ಯಾರನ್ನೂ ಕೇಳದೆ ಮುನಿಯಕ್ಕನ ಚಾಪೆಯನ್ನು ತಂದು ಅಲ್ಲಿ ಹಾಸಿದ್ದಳು. ಜೊತೆಯಲ್ಲಿ ಕಳೆ ಕಿತ್ತವರು, ಜೊತೆಯಲ್ಲಿ ವಿಧವೆಯರಾದವರು. ಲಕ್ಷ್ಮಮ್ಮನಿಗೆ ಮಗನ ಹೊಸ ಮನೆಯ ಮೊಸಾಯಿಕ್ ನೆಲದ ಮೇಲೆ ಕಾಲು ಜಾರುತ್ತಿತ್ತು, ಅದಕ್ಕೆ ಹಗಲೆಲ್ಲ ಕೊಟ್ಟಿಗೆಯಲ್ಲೇ ಕೂರುತ್ತಿದ್ದಳು. ಎಲೆಯಡಿಕೆ ಕುಟ್ಟುತ್ತ, ಯಾವ ಹಕ್ಕಿ ಎಷ್ಟು ತಿಂದಿತು ಎಂದು ವಿಚಾರಿಸುತ್ತ.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ತಿಮ್ಮರಾಯಪ್ಪ ಕೆರೆಯಂಚಿನಲ್ಲಿ ಉಳಿದಿದ್ದ ತುಂಡು ಹೊಲವನ್ನೂ ಸೈಟು ಮಾಡಲು ಹೊರಟ. ಬದುವಿನಲ್ಲಿದ್ದ ಹಿಪ್ಪೆ ಮರ ಬಿತ್ತು. ಅದು ಅವನ ತಾತನ ಕಾಲದ ಮರ, ಊರಿನ ಕಾಗೆಗಳೆಲ್ಲ ಅಲ್ಲೇ ಸಂಸಾರ ಮಾಡಿಕೊಂಡಿದ್ದವು. ಮರ ಬಿದ್ದ ದಿನ ಅವು ಕಿವಿ ಕಿತ್ತುಹೋಗುವ ಹಾಗೆ ಅರಚಿದವು, ಮಾರನೆಯ ದಿನ ಒಂದೂ ಇರಲಿಲ್ಲ. ಮರ ಬಿದ್ದ ದಿನವೇ ಸಂಜೆ ಲಕ್ಷ್ಮಮ್ಮ ಸೆರಗನ್ನು ಮಡಿಲಿನಂತೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದಳು. ಸೆರಗಿನೊಳಗೆ ಒಂದು ಕಾಗೆಮರಿ, ಎಡರೆಕ್ಕೆ ಮುರಿದು ಜೋಲುತ್ತಿತ್ತು.

ಮಗ ಮಾಡಿದ ಪಾಪ ನಾನು ತುಂಬಿಕೊಂಡು ಬಂದಿದೀನಿ, ನೀನೇ ನೋಡ್ಕೋ ಎಂದಳು. ಮುನಿಯಕ್ಕ ಸೀಳು ಕಟ್ಟಿದಳು. ಮರಿ ಬದುಕಿತು. ಬದುಕಿದ್ದಷ್ಟೇ ಅಲ್ಲ, ಮನೆಯನ್ನೇ ಆಳತೊಡಗಿತು. ಹಸಿವಾದರೆ ಮುನಿಯಕ್ಕನ ಮುಂದೆ ಬಂದು, ರೆಕ್ಕೆ ಅದುರಿಸುತ್ತ ಕೆಂಪಗೆ ಬಾಯಿ ಕಳೆದು ನಿಲ್ಲುತ್ತಿತ್ತು. ಮುದ್ದೆಯ ಚೂರನ್ನು ಸಾರಿನಲ್ಲಿ ಅದ್ದಿ ಗಂಟಲಿಗೆ ಇಟ್ಟರೆ ಗುಳುಂ. ಮತ್ತೆ ಬಾಯಿ. ಇಬ್ಬರು ಮುದುಕಿಯರಿಗೂ ಅದೊಂದು ಹುಚ್ಚು ಹಿಡಿಯಿತು. ಒಬ್ಬಳು ಚೂರು ಮಾಡುವುದು, ಒಬ್ಬಳು ತಿನ್ನಿಸುವುದು.

ಹಾಗೆ ತಿನ್ನಿಸುವಾಗಲೇ ಲಕ್ಷ್ಮಮ್ಮ ಗಿರಿಜಾಳ ಮಾತು ತೆಗೆಯುತ್ತಿದ್ದಳು. ಗಿರಿಜಾ ಅವಳ ಮಗಳು. ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದವಳು, ಅಲ್ಲೇ ಜೊತೆಗಿದ್ದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿದ್ದಳು. ಇನ್ನು ಈ ಹೊಸಿಲು ತುಳಿದರೆ ತನ್ನ ಹೆಣ ಬೀಳುತ್ತದೆ ಎಂದು ತಿಮ್ಮರಾಯಪ್ಪ ನೆಂಟರೆಲ್ಲರ ಮುಂದೆ ಆಣೆ ಹಾಕಿದ್ದ. ಅವಳಿದ್ದದ್ದು ದೂರದಲ್ಲೇನಲ್ಲ, ವಿಲ್ಸನ್ ಗಾರ್ಡನ್ನಿನಲ್ಲಿ. ಬಸ್ಸು ಹತ್ತಿ ಸರಿಯಾಗಿ ಕೂರುವಷ್ಟರಲ್ಲಿ ಬರುವ ಜಾಗ. ಆದರೂ ಲಕ್ಷ್ಮಮ್ಮ ಹೋಗಲಿಲ್ಲ. ಕದ್ದು ಹೋಗಿ ನೋಡಿ ಬರಲು ಅವಳೇನು ಬೇರೆಯವರ ಮಗಳೇ ಎನ್ನುವುದು ಲಕ್ಷ್ಮಮ್ಮನ ಹಟ. ಕರೆದರೆ ಅಣ್ಣನೇ ಕರೆಯಬೇಕು, ಮುಂಬಾಗಿಲಿನಿಂದಲೇ ಬರಬೇಕು.

ಆಷಾಢದ ಗಾಳಿ ಜೋರಾದ ದಿನಗಳಲ್ಲಿ ಲಕ್ಷ್ಮಮ್ಮ ಮಲಗಿದ್ದಲ್ಲೇ ಹೋಗಿಬಿಟ್ಟಳು. ಕೆರೆಯಂಚಿನ ಹೊಲದಲ್ಲೇ, ಸೈಟಿಗೆ ನೆಟ್ಟ ಕಲ್ಲುಗಳ ನಡುವೆ, ಗಂಡನ ಮಗ್ಗುಲಲ್ಲಿ ಅವಳನ್ನು ಮಣ್ಣು ಮಾಡಿದರು. ಗಿರಿಜಾಳಿಗೆ ಯಾರೂ ಹೇಳಿ ಕಳಿಸಲಿಲ್ಲ.

ಹಾಲುತುಪ್ಪ ಬಿಡುವ ದಿನ ಮಣ್ಣಿನ ಗುಡ್ಡೆಯ ಮೇಲೆ ಎಡೆ ಇಟ್ಟು ಜನ ದೂರ ಸರಿದು ನಿಂತರು. ಕಾಗೆ ಬಂದು ಮುಟ್ಟಬೇಕು, ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಮಕ್ಕಳು ಕೈಮುಗಿದು, ಇದನ್ನು ಮಾಡುತ್ತೇವೆ ಅದನ್ನು ಮಾಡುತ್ತೇವೆ ಎಂದು ಎಲ್ಲರಿಗೂ ಕೇಳಿಸುವಂತೆ ಮಾತು ಕೊಡಬೇಕು. ಆ ಊರಿನಲ್ಲಿ ಕೋರ್ಟಿಗೆ ಕೊಟ್ಟ ಮಾತಿಗಿಂತ ಕಾಗೆಗೆ ಕೊಟ್ಟ ಮಾತಿಗೆ ಬೆಲೆ ಜಾಸ್ತಿ. ಅವತ್ತು ಆಕಾಶದಲ್ಲಿ ಒಂದು ಕಾಗೆಯೂ ಕಾಣಿಸಲಿಲ್ಲ. ಮರ ಕಡಿದ ಮೇಲೆ ಅವು ಎಲ್ಲಿಂದ ಬರಬೇಕು ಹೇಳಿ. ತಿಮ್ಮರಾಯಪ್ಪ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿಕೊಂಡ. ಎಡೆಯನ್ನು ಕೊನೆಗೆ ಯಾರದೋ ಹಸು ತಿಂದಿತು.

ತಿಥಿ ಹತ್ತಿರ ಬಂದಂತೆ ನೆಂಟರ ಗುಸುಗುಸು ಜೋರಾಯಿತು. ಲಕ್ಷ್ಮಮ್ಮನಿಗೆ ಯಾವ ಆಸೆ ಉಳಿದಿತ್ತು ಎಂದು ಊರಿಗೆಲ್ಲ ಗೊತ್ತು, ಆದರೆ ತಿಮ್ಮರಾಯಪ್ಪನ ಮುಂದೆ ಹೇಳುವ ಗಂಡೆದೆ ಯಾರಿಗಿದೆ? ಒಂದು ಸಂಜೆ ಅವನೇ ಕೊಟ್ಟಿಗೆಗೆ ಬಂದ. ಬಾಗಿಲಲ್ಲೇ ನಿಂತು ಅಡ್ಡತೊಲೆಯ ಮೇಲೆ ಕೂತಿದ್ದ ಕಾಗೆಯನ್ನು ಬಹಳ ಹೊತ್ತು ನೋಡಿದ. ಅದರ ಕಟ್ಟು ಬಿಚ್ಚಿ ಆಗಿತ್ತು, ಅಷ್ಟೆತ್ತರಕ್ಕೆ ಹಾರುತ್ತಿತ್ತು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಈ ಕೊಟ್ಟಿಗೆಯನ್ನೂ ಕೆಡವಿ ಮನೆ ಕಟ್ಟುವ ಯೋಚನೆಯಿತ್ತಂತೆ. ಮುನಿಯಕ್ಕ ಇರುವ ತನಕ ಕೆಡವುವುದಿಲ್ಲವಂತೆ. ತಿಥಿಯ ದಿನ ಈ ಕಾಗೆಯನ್ನು ಮಂಕರಿಯಲ್ಲಿ ತಂದು ಎಡೆಯ ಹತ್ತಿರ ಬಿಟ್ಟರೆ ಸಾಕಂತೆ. ಹಿಂದಿನ ದಿನದಿಂದ ಏನೂ ತಿನ್ನಿಸಬಾರದು, ಹಸಿದಿರಬೇಕು.

ಮುನಿಯಕ್ಕ ತಿರುಗಿ ಮಂಕರಿಗಳನ್ನು ನೋಡಿದಳು. ಒಂದರಲ್ಲಿ ಕಾಲು ಮುರಿದ ಕೊಕ್ಕರೆ, ಒಂದರಲ್ಲಿ ಕಣ್ಣಿಗೆ ಏಟಾದ ಗೂಬೆಮರಿ, ಒಂದರಲ್ಲಿ ಐದನೇ ಬ್ಲಾಕಿನ ಟೀಚರಮ್ಮ ಕೊಟ್ಟ ಗಿಳಿ. ಇವನ್ನೆಲ್ಲ ಹೊತ್ತುಕೊಂಡು ಯಾರ ಜಗಲಿಗೆ ಹೋಗುವುದು? ಆಗಲಿ ಎನ್ನುವಂತೆ ತಲೆಯಾಡಿಸಿದಳು. ಅವನು ಹೋದ ಮೇಲೆ ತನ್ನ ಮೇಲೇ ಅಸಹ್ಯವಾಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆ ನಿದ್ದೆಯಲ್ಲೂ ರಾಗಿ ಹೊಲ ಬಂತು. ಲಕ್ಷ್ಮಮ್ಮ ಎಂದಿನಂತೆ ಮುಂದೆ ಹೋಗುತ್ತಿದ್ದಳು, ತಿರುಗಿ ನೋಡಲಿಲ್ಲ. ಅಕ್ಕಾ ನಿಲ್ಲು ಎಂದು ಮುನಿಯಕ್ಕ ಎಷ್ಟು ಕೂಗಿದರೂ ನಿಲ್ಲಲಿಲ್ಲ. ತೆನೆಗಳ ನಡುವೆ ಅವಳ ಸೀರೆಯ ಬಣ್ಣ ಕಂಡಿತು, ಆಮೇಲೆ ಬರೀ ಗಾಳಿ.

ತಿಥಿಯ ಬೆಳಗ್ಗೆ ಹನಿ ನಿಂತು ಮಂಕಾದ ಬೆಳಕಿತ್ತು. ಕಾಗೆ ಹಸಿವಿನಿಂದ ಬಾಯಿ ಕಳೆದು ಕಳೆದು ಅತ್ತಿತು. ಮುನಿಯಕ್ಕ ಕಿವಿಗೆ ಸೆರಗು ಒತ್ತಿಕೊಂಡು ಮಂಕರಿ ಎತ್ತಿದಳು. ಹೊಲದಲ್ಲಿ ನೆಂಟರಿಷ್ಟರೆಲ್ಲ ಸೇರಿದ್ದರು. ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ಒಬ್ಬಟ್ಟು, ಎಲೆಯಡಿಕೆ, ಲಕ್ಷ್ಮಮ್ಮನಿಗೆ ಇಷ್ಟವಾದದ್ದೆಲ್ಲ ಇತ್ತು. ಊರಿನ ಹಿರಿಯ ಯಲ್ಲಯ್ಯ ಧೂಪ ಹಾಕಿದ. ಹೊಗೆ ನೆಲದ ಮೇಲೇ ಸುಳಿದಾಡಿ ಸೈಟಿನ ಕಲ್ಲುಗಳನ್ನು ಮುಚ್ಚಿತು, ಕ್ಷಣಹೊತ್ತು ಅದು ಮತ್ತೆ ಹೊಲವೇ ಆಯಿತು. ಯಲ್ಲಯ್ಯ ಕಣ್ಣುಸನ್ನೆ ಮಾಡಿದಾಗ ಮುನಿಯಕ್ಕ ಮಂಕರಿ ತೆಗೆದಳು.

ಕಾಗೆ ಹೊರಗೆ ಬಂತು. ತಲೆ ಓರೆ ಮಾಡಿ ಜನರನ್ನು ನೋಡಿತು, ಎಲೆಯನ್ನು ನೋಡಿತು. ಕುಪ್ಪಳಿಸಿ ಎಲೆಯ ಅಂಚಿನವರೆಗೆ ಹೋಯಿತು.  ಅದು ಅಲ್ಲಿಂದ ಹಿಂದಕ್ಕೆ ತಿರುಗಿ, ಸೀದಾ ಮುನಿಯಕ್ಕನ ಕಾಲ ಬುಡಕ್ಕೆ ಬಂದು, ರೆಕ್ಕೆ ಅದುರಿಸುತ್ತ ಬಾಯಿ ಕಳೆಯಿತು.

 ನೆಲಕ್ಕೆ ಚೆಲ್ಲಿ ಮರೆಗೆ ಸರಿಯುವ ಪಾಠವನ್ನು ಈ ಒಂದಕ್ಕೆ ಅವಳು ಕಲಿಸಿರಲೇ ಇಲ್ಲ. ನಾಳೆ ಕಲಿಸಿದರಾಯಿತು, ನಾಡಿದ್ದು ಕಲಿಸಿದರಾಯಿತು ಎಂದು ಮುಂದೆ ಹಾಕುತ್ತಲೇ ಬಂದಿದ್ದಳು. ಲಕ್ಷ್ಮಮ್ಮ ಹೋದ ಮೇಲಂತೂ ಆ ಕೆಂಪು ಬಾಯಿ ತನ್ನ ಕೈಗಾಗಿ ಕಾಯುವುದೊಂದೇ ಅವಳಿಗೆ ಉಳಿದ ಸುಖವಾಗಿತ್ತು. ಎದುರಿಗೆ ಮುದ್ದೆ ಮಾಂಸ ರಾಶಿ ಬಿದ್ದಿದ್ದರೂ ಅದು ತಿನ್ನುವ ಸಾಮಾನು ಎಂದು ಈ ಮಂಕುಮರಿಗೆ ಗೊತ್ತೇ ಇಲ್ಲ. ಇದನ್ನು ಹೀಗೇ ಹೊರಗೆ ಬಿಟ್ಟಿದ್ದರೆ ಎರಡು ದಿನ ಬದುಕುತ್ತಿರಲಿಲ್ಲ. ಮುದ್ದು ಮಾಡಿ ಮಾಡಿ ತಾನೇ ಅದನ್ನು ಕುಂಟು ಮಾಡಿಟ್ಟಿದ್ದಳು.

ಯಲ್ಲಯ್ಯ ಕಾಗೆಯನ್ನು ಎತ್ತಿ ಎಲೆಯ ಮೇಲೇ ಇಡು ಅಂದ. ಇಟ್ಟಳು. ಅದು ಮುದ್ದೆಯನ್ನು ತುಳಿದುಕೊಂಡು ಮತ್ತೆ ಅವಳ ಹತ್ತಿರ ಓಡಿಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಿಮ್ಮರಾಯಪ್ಪ ಪಕ್ಕಕ್ಕೆ ಬಂದು, ಎಲೆಯಿಂದ ಒಂದು ಚೂರು ತೆಗೆದು ಅದರ ಬಾಯಿಗೆ ಇಟ್ಟುಬಿಡು ಎಂದು ಪಿಸುಗುಟ್ಟಿದ. ಅವಳ ಕೈ ತಾನಾಗಿಯೇ ಮುದ್ದೆ ಮುರಿಯಿತು. ಬೆರಳ ತುದಿಯಲ್ಲಿ ಚೂರು, ಅದರ ಕೆಳಗೆ ಆ ಬಾಯಿ. ಇಟ್ಟರೆ ಮುಗಿಯಿತು. ಕೊಟ್ಟಿಗೆ ಉಳಿಯುತ್ತದೆ, ಕೊಕ್ಕರೆ ಗೂಬೆ ಗಿಳಿ ಉಳಿಯುತ್ತವೆ, ಈ ಹಸಿದ ಮರಿಯ ಹೊಟ್ಟೆಯೂ ತುಂಬುತ್ತದೆ. ಗಿರಿಜಾಳ ಹೆಸರನ್ನು ಇನ್ನು ಈ ಊರಿನಲ್ಲಿ ಯಾರೂ ಎತ್ತುವುದಿಲ್ಲ.

ಮುನಿಯಕ್ಕ ಚೂರನ್ನು ಎಲೆಗೆ ಹಾಕಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ತಿನ್ನಿಸಿದ್ರೆ ಅದು ನನ್ನ ಎಡೆ ಆಗ್ತದೆ ಕಣಪ್ಪ ತಿಮ್ಮಣ್ಣ, ಲಕ್ಷ್ಮಕ್ಕಂದಲ್ಲ" ಎಂದಳು, ಎಲ್ಲರಿಗೂ ಕೇಳಿಸುವಂತೆ. "ಅವ್ಳಿಗೆ ಏನು ಬೇಕಾಗಿತ್ತೋ ನಿಂಗೂ ಗೊತ್ತು, ನಂಗೂ ಗೊತ್ತು. ನೀನೇ ಹೇಳು. ನನ್ನ ಕೊಟ್ಟಿಗೆ ಬೇಕಾದ್ರೆ ನಾಳೇನೇ ಕೆಡವ್ಕೋ."

ತಿಮ್ಮರಾಯಪ್ಪನ ಮುಖ ಕಪ್ಪಿಟ್ಟಿತು.  ಬಾಯಿ ತಡೆಯದ ನೆಂಟರು ತಾವೇ ಕಾಗೆಗೆ ಮಾತು ಕೊಡಲು ಶುರುಮಾಡಿದರು. ಒಬ್ಬ ಕಲ್ಲಿನ ಗೋರಿ ಕಟ್ಟಿಸುತ್ತೇವೆ ಅಂದ. ಒಬ್ಬಳು ಎಲ್ಲರೂ ತಿರುಪತಿಗೆ ಹೋಗಿ ಬರುತ್ತೇವೆ ಅಂದಳು. ಇನ್ನೊಬ್ಬಳು ಮೊಮ್ಮಗಳ ಮದುವೆಯನ್ನು ಛತ್ರದಲ್ಲೇ ಜೋರಾಗಿ ಮಾಡುತ್ತೇವೆ ಎಂದು ಆಸೆ ತೋರಿಸಿದಳು. ಇದ್ದಾಗ ಇವನ್ನೆಲ್ಲ ಒಂದು ದಿನವೂ ಕೇಳದ ಲಕ್ಷ್ಮಮ್ಮ ಸತ್ತ ಮೇಲೆ ಕೇಳುತ್ತಾಳೆಯೇ? ಕಾಗೆ ಮಾತ್ರ ಮುನಿಯಕ್ಕನ ಸೀರೆಯಂಚನ್ನು ಕಚ್ಚಿ ಎಳೆಯುತ್ತ ಅಳುತ್ತಲೇ ಇತ್ತು. 

ಇನ್ನು ತಡೆಯಲಾರೆ ಎನಿಸಿದಾಗ ಅವಳು ಕೈಗಳನ್ನು ಮುಂದಕ್ಕೆ ತಂದಳು. ಕಾಗೆ ಆಸೆಯಿಂದ ಕತ್ತು ಚಾಚಿತು. ಮುನಿಯಕ್ಕ ಅದರ ತಲೆಯ ಮೇಲೇ ಚಟ್ಟನೆ ಚಪ್ಪಾಳೆ ತಟ್ಟಿ, "ಹುಶ್! ಹೋಗಾಚೆ" ಎಂದು ಗದರಿದಳು.

ಕಾಗೆ ಬೆಚ್ಚಿಬಿದ್ದು ಹಿಂದಕ್ಕೆ ಹಾರಿತು. ಆ ಕೈಗಳಿಂದ ಅದು ಅಂಥದ್ದನ್ನು ಯಾವತ್ತೂ ಕಂಡಿರಲಿಲ್ಲ. ಎಲೆಗೂ ಅವಳಿಗೂ ನಡುವೆ ನಿಂತು ಅವಳನ್ನೇ ನೋಡಿತು. ಮುನಿಯಕ್ಕ ಇನ್ನೊಂದು ಸಲ ಕೈ ಎತ್ತಿದಳು, ಆದರೆ ಕಣ್ಣು ಮಂಜಾಗಿ ಅದು ಎಲ್ಲಿದೆ ಎಂದೇ ಕಾಣಿಸಲಿಲ್ಲ.  ಕೆರೆಯ ಕಡೆಯಿಂದ ಗಾಳಿ ಬಂದು ಬಾಳೆಲೆಯ ಅಂಚನ್ನು ಎತ್ತಿ ಇಳಿಸಿತು.

"ಗಿರಿಜಾನ ಕರೆಸ್ತೀನಿ ಕಣವ್ವ."

ಯಾರ ದನಿ ಎಂದು ಮೊದಲು ಗೊತ್ತಾಗಲಿಲ್ಲ, ಅಷ್ಟು ಸಣ್ಣಗಿತ್ತು. ಬಿಳಿ ಪ್ಯಾಂಟಿನ ತಿಮ್ಮರಾಯಪ್ಪ ಕೆಸರಿನಲ್ಲಿ ಮಂಡಿಯೂರಿದ್ದ. "ಅವಳ ಗಂಡನ್ನೂ ಕರೆಸ್ತೀನಿ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ. ನನ್ನಿಂದ ಆಗ್ಲಿಲ್ಲ ಕಣವ್ವ, ನೀನಿದ್ದಾಗ ಆಗ್ಲಿಲ್ಲ" ಎಂದು ಮಗುವಿನ ಹಾಗೆ ಅಳತೊಡಗಿದ.

ಕಾಗೆ ಎಲೆಯ ಕಡೆ ತಿರುಗಿತು. ಮುದ್ದೆಯನ್ನು ಒಂದು ಸಲ ಕುಕ್ಕಿತು, ಕೊಕ್ಕನ್ನು ನೆಲಕ್ಕೆ ಒರೆಸಿಕೊಂಡಿತು, ಮತ್ತೆ ಕುಕ್ಕಿತು. ಆಮೇಲೆ ಕೋಳಿಯ ತುಂಡೊಂದನ್ನು ಎಳೆದು ಕಾಲಲ್ಲಿ ಮೆಟ್ಟಿ, ಹರಿದು ನುಂಗಿತು. ಯಾರೂ ತಿನ್ನಿಸದೆ, ತಾನೇ.

ಹೆಂಗಸರೆಲ್ಲ ಒಟ್ಟಿಗೆ ಗೋಳಾಡಿದರು, ಯಲ್ಲಯ್ಯ ಅಡ್ಡಬಿದ್ದ. ಲಕ್ಷ್ಮಮ್ಮ ಬಂದಳು, ಮಗನ ಮಾತು ಕೇಳಿ ಉಂಡಳು ಎಂದು ಹೊಲದ ತುಂಬ ಒಂದೇ ಮಾತು. ಮುನಿಯಕ್ಕನೂ ಅತ್ತಳು. ತಾನು ಗದರಿಸಿದ್ದಕ್ಕೆ ಅದು ತಿಂದಿತೋ, ಅವನು ಮಾತು ಕೊಟ್ಟಿದ್ದಕ್ಕೆ ತಿಂದಿತೋ, ಅವಳಿಗೂ ಬಗೆಹರಿಯಲಿಲ್ಲ. ಬಗೆಹರಿಸಿಕೊಳ್ಳಲು ಅವಳು ಹೋಗಲೂ ಇಲ್ಲ. ತುಂಡು ಕಚ್ಚಿಕೊಂಡೇ ಕಾಗೆ ರೆಕ್ಕೆ ಬಡಿದು ಮೇಲೆದ್ದಿತು. ಅಡ್ಡತೊಲೆಯಷ್ಟೇ ಎತ್ತರ ಗೊತ್ತಿದ್ದದ್ದು ಲೈಟುಕಂಬದ ಮೇಲೆ ಕೂತಿತು, ಅಲ್ಲಿಂದ ತಿಲಕ್ ನಗರದ ಕಡೆಯ ಮರಗಳಿಗೆ ಹೋಯಿತು. ಒಂದು ಸಲವೂ ಹಿಂದಿರುಗಿ ಅವಳ ಹತ್ತಿರ ಬರಲಿಲ್ಲ.

ತಿಮ್ಮರಾಯಪ್ಪ ಕೊಟ್ಟಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ. ಸ್ಕೂಟರಿನಲ್ಲಿ ವಿಲ್ಸನ್ ಗಾರ್ಡನ್ನಿಗೆ ಹೋದ. ಬಾಗಿಲಲ್ಲಿ ಏನು ಮಾತಾಯಿತೋ ಯಾರಿಗೂ ಹೇಳಲಿಲ್ಲ. ಶ್ರಾವಣ ಹುಟ್ಟಿದ ಮೇಲೆ ಒಂದು ಭಾನುವಾರ ಗಿರಿಜಾ ಗಂಡನ ಜೊತೆ, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಮುಂಬಾಗಿಲಿನಿಂದಲೇ ಬಂದಳು. ಊಟವಾದ ಮೇಲೆ ಮಗುವನ್ನು ಅತ್ತಿಗೆಗೆ ಕೊಟ್ಟು ಹಿತ್ತಲಿಗೆ ಬಂದು ಮುನಿಯಕ್ಕನ ಪಕ್ಕ ಕೂತಳು.  ಸಂಜೆಯಾಗಿ ಕಾಗೆಗಳು ತಿಲಕ್ ನಗರದ ಮರಗಳಿಗೆ ಹೊರಟವು. ದಾರಿಯಲ್ಲಿ ಒಂದಷ್ಟು ಹಿತ್ತಲಿನ ತಂತಿಯ ಮೇಲೆ ಸಾಲಾಗಿ ಇಳಿದವು.

"ಅಮ್ಮ ಬಂದಿದ್ದು ಯಾವ ಕಾಗೇಲಿ ಮುನಿಯಕ್ಕ? ಇದ್ರಲ್ಲಿದೆಯಾ?" ಎಂದಳು ಗಿರಿಜಾ.

ಮುನಿಯಕ್ಕ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದಳು. ಎಡರೆಕ್ಕೆ ಒಂದಿಷ್ಟು ಜೋಲುವ ಕಾಗೆ ಇರಬೇಕು. ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಂದರ ರೆಕ್ಕೆಯೂ ಜೋಲುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದಳು ಅವಳು. ಬಾಯಿ ಕಳೆದು ಕೂಗಿದರಾದರೂ ಗೊತ್ತಾಗುತ್ತಿತ್ತೇನೋ, ಅವು ತಮ್ಮ ಪಾಡಿಗೆ ಗರಿ ಕೆದರಿಕೊಳ್ಳುತ್ತಿದ್ದವು.

ಗಿರಿಜಾ ಕಾಯುತ್ತಿದ್ದಳು. ಮುನಿಯಕ್ಕ ಕೈ ಚಾಚಿ, ತಂತಿಯ ನಡುವೆ ಕೂತಿದ್ದ ಯಾವುದೋ ಒಂದು ಕಾಗೆಯನ್ನು ತೋರಿಸಿ, "ಅದೇ ಕಣವ್ವ" ಎಂದಳು.

ಗಿರಿಜಾ ಆ ಕಾಗೆಗೆ ಕೈಮುಗಿದಳು. ಮುನಿಯಕ್ಕ ಉಳಿದವಕ್ಕೆಲ್ಲ ಮುಗಿದಳು.